ಒಂದು ಮಾರು ದೂರದ ಅಶರೀರವಾಣಿ

ಸೆಪ್ಟೆಂಬರ್ 2, ಸೋಮವಾರ

ಸಭಿಕ ಮಹಾಶಯರೇ! ಮುಂದಿನ ಸಾಲಿನ ಧಣಿಗಳೇ, ಹಿಂದಿನ ಸಾಲಿನ ನನ್ನ ಖರೇ ದೇವರುಗಳೇ!

ಯಾರೂ ಇಲ್ಲ. ಒಳ್ಳೆಯದಾಯಿತು. ಪರದೆ ಏಳಲಿ.

ರಂಗದ ಮೇಲೆ ನವನಗರದ ಒಂದು ಮನೆ. ನಡುಮನೆಯಲ್ಲಿ ಒಂದು ಕುರ್ಚಿ. ಕುರ್ಚಿಯಲ್ಲಿ ಏಕನಾಥನೆಂಬ ಐವತ್ತೆಂಟರ ಗೃಹಸ್ಥ. ಅಪ್ಪ ನಾಟಕ ಕಂಪನಿಯಲ್ಲಿ ಕಾಲಿನಿಂದ ತುಳಿದು ಹಾರ್ಮೋನಿಯಂ ನುಡಿಸುವ ಕಾಲುಪೇಟಿ ಮಾಸ್ತರ. ಮಗ ಹುಟ್ಟಿದ್ದು ಗದಗಿನ ಕ್ಯಾಂಪಿನಲ್ಲಿ, ತೊಟ್ಟಿಲು ಕಟ್ಟಿದ್ದು ಅರಮನೆ ಪರದೆಯ ಹಿಂದೆ, ಆಡಿದ ಮೊದಲ ಮಾತು ಪ್ರಾಂಪ್ಟರ್ ಹೇಳಿಕೊಟ್ಟದ್ದು. ಹೊಟ್ಟೆಗಾಗಿ ಲಕಮನಹಳ್ಳಿಯ ಕಾರಖಾನೆಯಲ್ಲಿ ಸ್ಟೆಬಿಲೈಜರ್ ಜೋಡಿಸಿದ, ಜೀವಕ್ಕಾಗಿ ರಂಗದ ಮೇಲೆ ಗರ್ಜಿಸಿದ. ನಲವತ್ತು ವರ್ಷ ಮೈಕು ಮುಟ್ಟಲಿಲ್ಲ. "ಮೈಕು ಹರಾಜು-ಲಿಲಾವು ಕೂಗೋವಂಗ, ನಟಗ ಹೊಟ್ಟಿಯೊಳಗಿನ ದನಿ" ಎಂದು ಅಪ್ಪ ಹೇಳುತ್ತಿದ್ದರು.

ಜೂನ್ ಹನ್ನೊಂದರಂದು ಡಾಕ್ಟರರು ಆ ಏಕನಾಥನ ಧ್ವನಿಪೆಟ್ಟಿಗೆಯನ್ನು ತೆಗೆದರು. ಒಳಗಿನ ಗಂಟು ಅದರ ಜೊತೆಗೇ ಹೋಯಿತು. ಈಗ ಅವನು ಉಸಿರಾಡುವುದು ಕೊರಳಿನ ಬುಡದ ತೂತಿನಿಂದ. ಮೂಗು ಇದೆ, ವಾಸನೆ ಇಲ್ಲ. ಬಾಯಿ ಇದೆ, ದನಿ ಇಲ್ಲ. ಕೊರಳು ಮುಟ್ಟಿಕೊಂಡರೆ ಬೇರೆ ಯಾರದೋ ಕೊರಳು.

ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದರು, ಟಾರ್ಚಿನಂಥದು. ಗದ್ದದ ಕೆಳಗೆ ಒತ್ತಿ ತುಟಿ ಆಡಿಸಿದರೆ ಗುಂಯ್ ಎಂದು ಮಾತು. ಒಂದೇ ಸ್ವರ, ಏರಿಲ್ಲ, ಇಳಿವಿಲ್ಲ. ಏಕನಾಥ "ನೀರು" ಎಂದ. ಹೆಂಡತಿ ರಜನಿ ನರ್ಸಿನ ಕಡೆ ತಿರುಗಿ "ಏನಂದ್ರವಾ ಇವರು?" ಎಂದು ಕೇಳಿದಳು. ಯಂತ್ರ ಅಂದಿನಿಂದ ಕಪಾಟಿನಲ್ಲಿದೆ. ಅವನ ಮಾತೆಲ್ಲ ಈಗ ಪಾಟಿಯ ಮೇಲೆ, ಬಳಪದಲ್ಲಿ.

ಮಾತು ಕಲಿಸುವ ಡಾಕ್ಟರು ಇವತ್ತು ಗದರಿಸಿದರು. "ಕೆಲಸ ಕೊಡದಿದ್ರ ನಾಲಿಗಿ ತುಟಿ ತಮ್ಮ ಕೆಲಸ ಮರೀತಾವ್ರಿ. ಈ ವರ್ಷ ಮುಗಿಯೂದರಾಗ ಏನರ ಒಂದು ದಾರಿ ಹಿಡೀರಿ. ಆಮ್ಯಾಲೆ ಭಾಳ ಕಠಿಣ." ದಿನಾ ಒಂದಿಷ್ಟು ಬರೆಯಿರಿ ಎಂದೂ ಹೇಳಿದರು. ಅದಕ್ಕೆ ಈ ವಹಿ.

ಇದರಲ್ಲಿ 'ನಾನು' ಇರುವುದಿಲ್ಲ. ಏಕನಾಥನೆಂಬ ಪಾತ್ರ ಇರುತ್ತದೆ. ಪಾತ್ರವನ್ನು ನೋಡುತ್ತ ಕೂರುವುದು ಸುಲಭ.

ಸೆಪ್ಟೆಂಬರ್ 3

ಏನೂ ಇಲ್ಲ. ಗಂಜಿ. ಏಕನಾಥ ಉಂಡ.

ಸೆಪ್ಟೆಂಬರ್ 9, ಸೋಮವಾರ

ಪ್ರವೇಶ: ಫಕೀರಪ್ಪ. ಎಪ್ಪತ್ತರ ಮುದುಕ, ಕಾಳಿನ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟು ಊರಿನ ಹವ್ಯಾಸಿ ನಾಟಕ ತಂಡವನ್ನು ಹೆಗಲಿಗೆ ಹಾಕಿಕೊಂಡವನು. ಗಣಪತಿಯ ಪ್ರಸಾದದ ಪೊಟ್ಟಣ ರಜನಿಯ ಕೈಗಿತ್ತು, ಕುರ್ಚಿ ಎಳೆದುಕೊಂಡು ಕೂತ.

"ಡಿಸೆಂಬರ್ ಹದಿನೈದಕ್ಕ 'ಬಾವಿಕಟ್ಟೆಯ ಅರಸ' ಮತ್ತ ಮಾಡಾಕತ್ತೇವಲೇ. ಅಶರೀರವಾಣಿ ನಿಂದು."

ಏಕನಾಥ ಕೊರಳಿನ ಬಟ್ಟೆ ಸರಿಸಿ ತೂತು ತೋರಿಸಿದ.

"ಗೊತ್ತೈತೋ ಮಾರಾಯಾ. ನಿನ್ನ ದನಿ ನನ್ನ ಕಡೆ ಐತಿ." ಮೊಬೈಲು ತೆಗೆದ. ಒಂಬತ್ತು ವರ್ಷದ ಹಿಂದಿನ ಪ್ರಯೋಗದ ಧ್ವನಿಮುದ್ರಣ.

ಆ ನಾಟಕ ಫಕೀರಪ್ಪನದೇ ರಚನೆ. ತಮ್ಮನನ್ನು ರಾಜ್ಯದಿಂದ ಹೊರಹಾಕಿದ ಅರಸ, ಅವನು ಬಾವಿಗೆ ಬಿದ್ದು ಸತ್ತನೆಂದು ತಿಳಿದು ತಾನೂ ಹಾರಲು ಹೋಗುತ್ತಾನೆ. ಆಗ ಆಕಾಶದಿಂದ ನಾಲ್ಕು ಮಾತು. "ಅರಸನೇ, ನಿಲ್ಲು! ನೀನು ಹುಡುಕುವವನು ಈ ಬಾವಿಯಲ್ಲಿಲ್ಲ. ಹಿಂದೆ ತಿರುಗಿ ನೋಡು. ಅವನು ನಿನ್ನ ಹಿಂದೆಯೇ ಬಂದಿದ್ದಾನೆ."

ಮೊಬೈಲಿನಿಂದ ಗುಡುಗು ಹೊರಬಿತ್ತು. ಕಿಟಕಿಯ ಗಾಜು ನಡುಗಿತು ಎಂದು ಬರೆದರೆ ಅದು ಕಂಪನಿಯವರ ಚಟ. ಗಾಜು ನಡುಗಲಿಲ್ಲ. ಆದರೆ ಛಲೋ ದನಿ. ಆ ಮನುಷ್ಯ ಚೆನ್ನಾಗಿ ಮಾತಾಡುತ್ತಾನೆ. ಏಕನಾಥನಿಗೆ ಅವನ ಪರಿಚಯವಿದ್ದಂತೆ ಅನಿಸಲಿಲ್ಲ.

ರಜನಿ ಅಡುಗೆಮನೆಗೆ ಹೋಗಿ ನಳ ಬಿಟ್ಟಳು. ತುಂಬುವ ಪಾತ್ರೆಯೇನೂ ಇರಲಿಲ್ಲ.

"ಹೂಂ ಅನ್ನು" ಎಂದ ಫಕೀರಪ್ಪ. ಏಕನಾಥ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಖರ್ಚಿಲ್ಲ.

ಸೆಪ್ಟೆಂಬರ್ 18, ಬುಧವಾರ

ಕೆಟ್ಟ ಮಿಕ್ಸರ್ ಹಿಡಿದು ಏಕನಾಥ ಹುಬ್ಬಳ್ಳಿಗೆ ಹೋದ. ಮೈಕುಸೆಟ್ಟು ರಿಪೇರಿ ಮಾಡುವ ಶಾಹಿದನ ಅಂಗಡಿ. ಗಣಪತಿ ಮುಗಿದ ವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುಟ್ಟ ಆಂಪ್ಲಿಫಾಯರ್‌ಗಳ ಆಸ್ಪತ್ರೆ.

ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಬೊಗಸೆಯಗಲದ ಅಲ್ಯೂಮಿನಿಯಂ ಹಲಗೆಗಳ ಸಾಲು. ಪ್ರತಿಯೊಂದಕ್ಕೂ ನಾಬು, ತೂತು. ತೂತಿನಿಂದ ತೂತಿಗೆ ಬಣ್ಣಬಣ್ಣದ ವೈರು.

"ಇದಾ ಕಾಕಾ, ನನ್ನ ಹುಚ್ಚು. ಮಾಡ್ಯುಲರ್ ಸಿಂಥಸೈಜರ್ ಅಂತಾರ. ರೆಡಿಮೇಡ್ ತಗೊಂಡ್ರ ಮನಿ ಮಾರಬೇಕಾಗ್ತೈತಿ, ಅದಕ್ಕ ನಾನಾ ಮಾಡಾಕತ್ತೇನಿ. ನೋಡ್ರಿ, ಈ ಹಲಗಿ ಬರೇ ಒದರತೈತಿ. ಇದು ಒದರಿದ್ದನ್ನ ಸೋಸತೈತಿ. ಇದು ಬಾಗಲಾ ತೆಗದು ಹಾಕತೈತಿ. ಯಾರ ಹಿಂದ ಯಾರು ಅನ್ನೂದು ನಿಮ್ಮ ಖುಷಿ. ವೈರು ಕಿತ್ತು ಬ್ಯಾರೆ ಕಡೆ ಹಚ್ಚಿದ್ರ ಬ್ಯಾರೆ ವಾದ್ಯ."

ವೈರು ಚುಚ್ಚಿ ನಾಬು ತಿರುಗಿಸಿದ. ಪೆಟ್ಟಿಗೆ ಎಮ್ಮೆಯಂತೆ ಕೂಗಿತು, ಆಮೇಲೆ ಶಂಖದಂತೆ, ಆಮೇಲೆ ಎಣ್ಣೆ ಕಾಣದ ಬಾಗಿಲಿನಂತೆ. ಏಕನಾಥ ಪಾಟಿಯ ಮೇಲೆ ಬರೆದ: ಉಸಿರು ಎಲ್ಲಿಂದ?

ಶಾಹಿದ ಓದಿ ಗೋಡೆಯ ಪ್ಲಗ್ಗು ತೋರಿಸಿದ. "ಉಸಿರು ಬೇಕಿಲ್ರಿ ಕಾಕಾ. ಕರೆಂಟ್ ಸಾಕು."

ಮಿಕ್ಸರ್ ಅಲ್ಲೇ ಉಳಿಯಿತು. ಐಸಿ, ರೆಸಿಸ್ಟರ್, ಪಾಲಿಶ್ ಮಾಡದ ಎರಡು ಹಲಗೆ, ಒಂದು ನಕ್ಷೆ ಮನೆಗೆ ಬಂದವು.

ಸೆಪ್ಟೆಂಬರ್ 28, ಶನಿವಾರ

ಬೆಸುಗೆ. ಸ್ಟೆಬಿಲೈಜರ್‌ಗಳಿಗೆ ಹಾಕಿದ ಕೈ, ಮರೆತಿಲ್ಲ. ಆದರೆ ಈಗ ಹೊಗೆ ನೇರ ಕೊರಳಿನ ತೂತಿಗೆ ಹೋಗುತ್ತದೆ. ರಜನಿ ಒದ್ದೆ ಮಾಡಿ ಹಿಂಡಿದ ಪಂಚೆಯ ತುಂಡನ್ನು ದಿನಾ ಕೊರಳಿಗೆ ಕಟ್ಟುತ್ತಾಳೆ. ಗಂಟು ಹಾಕುವಾಗ ಮಾತಾಡುವುದಿಲ್ಲ. ಈ ಮನೆಯಲ್ಲಿ ಈಗ ಯಾರೂ ಹೆಚ್ಚು ಮಾತಾಡುವುದಿಲ್ಲ. ಬೆಳಗಿನ ಅವಳ ಹಾಡು ಯಾವತ್ತು ನಿಂತಿತೋ ಏಕನಾಥ ಗಮನಿಸಿಲ್ಲ.

ಇವತ್ತು ಬೆಸುಗೆ ಕಡ್ಡಿ ಅಂಗಿಯ ತೋಳಿನ ಮೇಲೆ ಉರುಳಿತ್ತು. ಅಂಗಿ ಹೊಗೆಯಾಡಿತು, ಆಮೇಲೆ ಚರ್ಮ. ವಾಸನೆ ಬರಲಿಲ್ಲ. ರಜನಿ ಹಿತ್ತಿಲಿನಿಂದ ಓಡಿ ಬಂದಳು. "ಸುಡ್ಲಿಕ್ಕತ್ತದ್ರೀ! ನಿಮಗ ಗೊತ್ತಾಗೂದಿಲ್ಲೇನ?"

ಗೊತ್ತಾಗಲಿಲ್ಲ. ನೋವು ಇತ್ತು. ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿದ್ದಂತೆ ಇತ್ತು.

ಅಕ್ಟೋಬರ್ 6, ಭಾನುವಾರ

ಒದರುವ ಹಲಗೆ ಒದರಿತು.

ಮಧ್ಯಾಹ್ನದವರೆಗೆ ನಾಬು ತಿರುಗಿಸಿ ಏಕನಾಥ ತನ್ನ ರಂಗದ ಶ್ರುತಿಗೆ ತಂದ: ಪೇಟಿಯ ಕರಿ ಒಂದು, ಅಂದರೆ ಮೊದಲ ಕಪ್ಪು ಮನೆ. ಅಪ್ಪ ಕಂಪನಿಯಲ್ಲಿ ಆ ಮನೆ ಒತ್ತಿದರೆಂದರೆ ಇವನು ರಂಗಕ್ಕೆ ಬರಬೇಕು. ಗಂಟೆಗಟ್ಟಲೆ ಆ ಒಂದು ಸ್ವರವನ್ನು ಬಿಟ್ಟು ಕುರ್ಚಿಯಲ್ಲಿ ಕೂತ. ಸಂತೋಷವೇನೂ ಆಗಲಿಲ್ಲ. ಫ್ರಿಜ್ಜಿನ ಸಪ್ಪಳದಂತೆ ಜೊತೆಗಿತ್ತು.

ಅಡುಗೆಮನೆಯಿಂದ ರಜನಿ: "ಶ್ರುತಿ ಇಳೀಲಿಕ್ಕತ್ತದ."

ಇಳಿದಿರಲಿಲ್ಲ ಎಂದು ಅವನ ಅಭಿಪ್ರಾಯ. ಅವಳು ಕೈ ಒರೆಸಿಕೊಂಡು ಬಂದು ತನ್ನ ಪೇಟಿಯ ಮೇಲಿನ ಗವಸು ತೆಗೆದು ಕರಿ ಒಂದು ಒತ್ತಿದಳು. ಇಳಿದಿತ್ತು. ಐಸಿ ಕಾದರೆ ಸ್ವರ ಜಾರುತ್ತದೆ ಎಂದು ಶಾಹಿದ ಹೇಳಿದ್ದ. ಧಾರವಾಡದ ಸಾಲಿಯಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿದ ಕಿವಿ.

ಅವಳು ಪೇಟಿಯ ಗವಸನ್ನು ಮತ್ತೆ ಹಾಕಲಿಲ್ಲ. ಧೂಳು ಬೀಳುತ್ತದೆ.

ಅಕ್ಟೋಬರ್ 12, ಶನಿವಾರ

ದಸರಾ. ಬನ್ನಿ ಕೊಡಲು ಬಂದವರು ಮೂವತ್ತು ಜನ ಇರಬಹುದು. ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನಬೇಕು. ಎಲೆ ಸುಮ್ಮನೆ ಕೊಟ್ಟರೆ ಅದು ಬರೀ ಎಲೆ. ಏಕನಾಥ ಬಸ್ ಕಂಡಕ್ಟರನಂತೆ ಎಲ್ಲರಿಗೂ ಹಂಚಿದ. ಪಕ್ಕದಲ್ಲಿ ನಿಂತು ರಜನಿ ಇಬ್ಬರ ಪರವಾಗಿ ಮಾತು ಹೇಳಿದಳು. ಹದಿನೈದನೆಯವರಿಗೆ ಅವಳ ದನಿ ಒಡೆಯಿತು. ನೆಗಡಿ ಇರಬೇಕು.

ಎಲ್ಲರೂ ಹೋದ ಮೇಲೆ ಏಕನಾಥನಿಗೆ ಒಂದು ವಿಚಾರ ಬಂತು. ಸೋಸುವ ಹಲಗೆಯ ನಾಬು ತಿರುಗಿಸಿದರೆ ಅದು "ವಾಂ" ಎನ್ನುತ್ತದೆ, ಬಾಯಿ ತೆರೆದಂತೆ. ನಿಜವಾದ ಬಾಯೊಂದು ಮನೆಯಲ್ಲಿ ಬಿದ್ದಿರುವಾಗ ಸೋಸುವ ಹಲಗೆ ಏಕೆ?

ಅಕ್ಟೋಬರ್ 20, ಭಾನುವಾರ

ಯಂತ್ರದ ವಿವರ, ದಾಖಲೆಗಾಗಿ. ಪೆಟ್ಟಿಗೆಯ ಸ್ವರ ಆಂಪ್ಲಿಫಾಯರಿಗೆ ಹೋಗುತ್ತದೆ. ಅಲ್ಲಿಂದ ಹಳೆಯ ಲೌಡ್‌ಸ್ಪೀಕರಿನ ಹಾರ್ನ್ ಯುನಿಟ್ಟಿಗೆ. ಅದರ ಮೂತಿಗೆ ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪು. ಪೈಪಿನ ತುದಿ ಏಕನಾಥನ ಬಾಯಿಯ ಮೂಲೆಗೆ. ಸ್ವರ ಬಾಯಿಯೊಳಗೆ ಬರುತ್ತದೆ, ನಾಲಿಗೆ ತುಟಿಗಳು ಅದನ್ನು ಮಾತು ಮಾಡಬೇಕು.

ಆಸ್ಪತ್ರೆಯ ಟಾರ್ಚಿಗೂ ಇದಕ್ಕೂ ವ್ಯತ್ಯಾಸ: ಇದರ ಸ್ವರ ನಾಬಿನಿಂದ ಏರುತ್ತದೆ, ಇಳಿಯುತ್ತದೆ. ಇದರ ಬಲ ಎಷ್ಟು ಬೇಕೋ ಅಷ್ಟು.

ಸಂಕಲ್ಪ, ದೊಡ್ಡ ಅಕ್ಷರದಲ್ಲಿ. ಡಿಸೆಂಬರ್ ಹದಿನೈದರಂದು ಬಾವಿಕಟ್ಟೆಯ ಅಶರೀರವಾಣಿಯನ್ನು ಏಕನಾಥನೇ ನುಡಿಯಬೇಕು, ಆ ಮೊಬೈಲಿನ ಮನುಷ್ಯ ಅಲ್ಲ. ಹಿಂದಿನ ಸಾಲಿನವನಿಗೂ ಕೇಳಬೇಕು. ಆಗದಿದ್ದರೆ ಪೆಟ್ಟಿಗೆ ಶಾಹಿದನಿಗೆ, ನಾಲಿಗೆ ಮಣ್ಣಿಗೆ.

ರಜನಿಯನ್ನು ಮಾಳಿಗೆಯ ಮೇಲೆ ನಿಲ್ಲಿಸಿದ. ಬಲ ಏರಿಸಿ "ಅರಸನೇ, ನಿಲ್ಲು" ಎಂದ.

ಇಳಿದು ಬಂದಳು. "ಸಪ್ಪಳ ಬಂತು. ಮಾತು ಬರ್ಲಿಲ್ಲ."

ಅಕ್ಟೋಬರ್ 24

ರಜನಿ ಗೇಟಿನ ಹತ್ತಿರ. ಸಪ್ಪಳ ಬಂತು, ಮಾತು ಬರಲಿಲ್ಲ.

ಅಕ್ಟೋಬರ್ 27

ದೊಡ್ಡ ಆಂಪ್ಲಿಫಾಯರ್ ತಂದ. ರಜನಿ ಕಿರಾಣಿ ಅಂಗಡಿಯ ಮೂಲೆಯಲ್ಲಿ. ಸಪ್ಪಳ ಛಲೋ ಬಂತಂತೆ.

ನವೆಂಬರ್ 5, ಮಂಗಳವಾರ

ಪಕ್ಕದ ಮನೆಯ ಮಕಬೂಲಸಾಬರು ಗೋಡೆಯ ಮೇಲಿಂದ ತಲೆ ಹಾಕಿದರು. "ಏಕನಾಥರ, ಬೋರ್‌ವೆಲ್ ಹಾಕ್ಸಾಕತ್ತೀರೇನ್ರಿ? ನೀರು ಬಿತ್ತಂದ್ರ ನಮಗೂ ಒಂದು ಪೈಪ್ ಕೊಡ್ರಿ."

ರಜನಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಗುತ್ತಿದ್ದಳೆಂದು ಕಾಣುತ್ತದೆ. ಏಕನಾಥ ಹಾರ್ನ್ ಯುನಿಟ್ಟನ್ನು ಇನ್ನೂ ದೊಡ್ಡದಕ್ಕೆ ಬದಲಿಸಿದ. ಕಂಪನಿಯ ಮಗನಿಗೆ ಗೊತ್ತಿರುವುದು ಅದೊಂದೇ: ಕೇಳದಿದ್ದರೆ ಇನ್ನೂ ಜೋರಾಗಿ ಎಸೆ.

ನವೆಂಬರ್ 14

ನಾಲಿಗೆ ಜಡ. ಪ, ಬ ಬರುತ್ತವೆ. ಸ ಬರುವುದಿಲ್ಲ. ಮೊಬೈಲಿನ ಮನುಷ್ಯನೇ ನುಡಿಯಲಿ. ಅವನಿಗೆ ಸ ಬರುತ್ತದೆ.

ನವೆಂಬರ್ 19, ಮಂಗಳವಾರ

ದೊಡ್ಡ ಆಂಪ್ಲಿಫಾಯರ್ ಸುಟ್ಟಿತು. ಮನೆಯಲ್ಲಿದ್ದದ್ದು ಹಳೆಯ ರೇಡಿಯೋದ ಚಿಕ್ಕ ಬೋರ್ಡು ಮಾತ್ರ. ಪರೀಕ್ಷೆಗೆಂದು ಅದನ್ನೇ ಸಿಕ್ಕಿಸಿದೆ. ದನಿ ಸೊಳ್ಳೆಯಷ್ಟು. ರಜನಿ ಒಂದು ಮಾರು ದೂರದಲ್ಲಿ, ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಾಯಲ್ಲಿ ಪೈಪು ಇದೆಯೆಂಬುದನ್ನು ಮರೆತು ಬೈದೆ.

"ಹಾಳಾದ್ದು."

ರಜನಿ ಕಾಯಿಯಿಂದ ಕಣ್ಣೆತ್ತಲಿಲ್ಲ. "ಯಾವುದು?" ಎಂದಳು.

"ಆಂಪ್ಲಿ."

"ಹೋಗ್ಲಿ ಬಿಡ್ರಿ. ಅದರ ಸಪ್ಪಳಕ್ಕ ನಂಗ ತಲಿಶೂಲಿ ಬಂದಿತ್ತು."

ಅವರೆಕಾಯಿ ಇನ್ನೂ ನಾಲ್ಕೈದು ಸುಲಿದಳು. ಆಮೇಲೆ ಅವಳ ಕೈ ನಿಂತಿತು. ನನ್ನದೂ ನಿಂತಿತ್ತು.

ಅವಳಿಗೆ ಮಾತು ತಿಳಿದ ಕಾರಣ ಸರಳ, ಕಾರಖಾನೆಯಲ್ಲಿ ಇಷ್ಟು ವರ್ಷ ಇದ್ದವನಿಗೆ ಮೊದಲೇ ಹೊಳೆಯಬೇಕಿತ್ತು. ಬಲ ಏರಿಸಿದಷ್ಟೂ ಯುನಿಟ್ಟಿನ ಮೈಯಿಂದಲೇ ಗುಂಯ್ ಎಂಬ ಸಪ್ಪಳ ಸೋರುತ್ತದೆ. ಬಾಯಿಯಿಂದ ಹೊರಟ ಮಾತನ್ನು ಅದು ಮುಚ್ಚಿಹಾಕುತ್ತದೆ. ಹಿಂದಿನ ಸಾಲಿಗೆ ಮುಟ್ಟಿಸಹೋಗಿ ಮುಂದಿನ ಸಾಲಿಗೂ ಮುಟ್ಟುತ್ತಿರಲಿಲ್ಲ. ಯುನಿಟ್ಟನ್ನು ಹಳೆಯ ಕೌದಿಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಇಟ್ಟೆ. ಇನ್ನೂ ಸ್ಪಷ್ಟವಾಯಿತು.

ಎರಡು ಮಾರು ದೂರಕ್ಕೆ ಹೋದರೆ ಕೇಳುವುದಿಲ್ಲ.

ನವೆಂಬರ್ 21, ಗುರುವಾರ

ಒಂದು ಕೈ ಪೈಪು ಹಿಡಿಯಬೇಕು, ಇನ್ನೊಂದು ದನಿಯ ಗುಂಡಿ ಒತ್ತಿ ಬಿಡಬೇಕು. ಶ್ರುತಿಯ ನಾಬಿಗೆ ಕೈಯಿಲ್ಲ. ಆದ್ದರಿಂದ ಮಾತೆಲ್ಲ ಒಂದೇ ಸ್ವರದಲ್ಲಿ, ಆಸ್ಪತ್ರೆಯ ಟಾರ್ಚಿನಂತೆ.

"ಊಟಕ್ಕ ಏನು" ಎಂದೆ.

"ಅದು ಪ್ರಶ್ನಿನೋ ಆಜ್ಞಾನೋ?" ಎಂದಳು. ಎದ್ದು ಬಂದು ನಾಬಿನ ಮೇಲೆ ಎರಡು ಬೆರಳಿಟ್ಟಳು. "ಈಗ ಅನ್ರಿ."

ಅಂದೆ. "ಏನು" ಎಂಬಲ್ಲಿ ಅವಳ ಬೆರಳು ತಿರುಗಿತು, ಮಾತಿನ ಬಾಲ ಮೇಲೆದ್ದಿತು.

"ನೀವು ಕೇಳೂವಾಗ ಹಿಂಗ ಏರತಿತ್ತು. ಸಿಟ್ಟಿದ್ರ ನಡುವ ಏರಿ ಕಡೀಕೆ ಬೀಳತಿತ್ತು. ಸುಳ್ಳು ಹೇಳೂವಾಗ ಒಂದಾ ಸಮ."

ನಾನು ಕರಿ ಒಂದಕ್ಕೆ ತರಲು ಹೇಳಿದೆ. ಅವಳು ತರಲಿಲ್ಲ, ಬಹಳ ಕೆಳಗೆ ಒಯ್ದಳು.

"ಅದು ನಾಟಕದ ದನಿ. ಮನ್ಯಾಗಿನ ದನಿ ಇಲ್ಲಿತ್ತು."

ಮನೆಯಲ್ಲಿ ನನಗೆ ಬೇರೆ ದನಿ ಇತ್ತೆಂಬುದು ನನಗೆ ತಿಳಿದಿರಲಿಲ್ಲ. ಅದರಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲವಲ್ಲ.

ನವೆಂಬರ್ 26, ಮಂಗಳವಾರ

ಉಸಿರು ಬೇಕಿಲ್ಲದ್ದರಿಂದ ನಿಲ್ಲದೆ ಮಾತಾಡಬಹುದು. ಹಾಗೆಯೇ ಮಾತಾಡಿದೆ. ಕಾರಖಾನೆ, ಕೆಟ್ಟ ಮಿಕ್ಸರ್, ಅಪ್ಪನ ಕೆಮ್ಮು, ಫಕೀರಪ್ಪನ ಮೀಸೆಯ ಬಣ್ಣ.

"ನಡುವ ಉಸಿರು ತಗೋರಿ" ಎಂದಳು ರಜನಿ. "ನಿಮಗ ಬ್ಯಾಡಾಗಿದ್ರ ಕೇಳೋರಿಗೆ ಬೇಕು. ನನಗ ಉಸಿರು ಕಟ್ಲಿಕ್ಕತ್ತದ. ಕೈನೂ ನೋಯ್ತದ."

ಸಂಜೆ ಯಾವುದೋ ಮಾತಿಗೆ ಜಗಳ. ನಾನು ಏರಿಸು ಎನ್ನುವಾಗ ಇಳಿಸಿಬಿಟ್ಟಳು. ಬೈಗುಳ ಬೇಡಿಕೆಯಂತೆ ಕೇಳಿಸಿತು. ಇದು ಅನ್ಯಾಯ. ಪಾಟಿಯ ಮೇಲೆ ಬರೆದು ಪ್ರತಿಭಟಿಸಿದೆ.

ಬೆಳಿಗ್ಗೆ ಅವಳು ದೇವರ ಮುಂದೆ ಏನೋ ಗುನುಗುತ್ತಿದ್ದಳು. ನಡುವೆ ಒಂದು ಸ್ವರ ತಪ್ಪಿತು.

ಡಿಸೆಂಬರ್ 1, ಭಾನುವಾರ

ಧಾರವಾಡದ ಸಾಲಿಯೊಂದರ ಸಭಾಂಗಣದಲ್ಲಿ ತಾಲೀಮು. ನಾನು ಹೋಗಲು ಒಪ್ಪಿದ್ದು ಫಕೀರಪ್ಪನ ಕಾಟಕ್ಕೆ. ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟದ ಮೇಲೆ ನನ್ನ ಸಂಕಲ್ಪ ಸತ್ತಂತೆಯೇ. ಪೆಟ್ಟಿಗೆಯನ್ನು ಯಾಕೆ ಆಟೋದಲ್ಲಿ ಇಟ್ಟೆ ಎಂದರೆ ರಜನಿ "ಇರ್ಲಿ, ದಾರ್‍ಯಾಗ ಬೇಜಾರಾದ್ರ ಅಲ್ಲಿ ಹೋಗಿ ಜಗಳಾಡ್ಲಿಕ್ಕೆ ಆಗ್ತದ" ಎಂದಳು.

ಅರಸನ ಪಾತ್ರ ವಿಶಾಲನದು. ತಾರಿಹಾಳದ ಕಾರಖಾನೆಯಲ್ಲಿ ಲೇತ್ ನಡೆಸುವವನು, ಮೂವತ್ತೈದರವನು. ಬಾವಿಕಟ್ಟೆಗೆ ಬಂದ. ಕೂಗಲಿಲ್ಲ. ಮಲಗಿದ ಮಗುವನ್ನು ಎಬ್ಬಿಸುವವನಂತೆ ಬಾವಿಯೊಳಗೆ ಬಗ್ಗಿ "ತಮ್ಮಾ... ಒಳಗಿದ್ದೀಯಾ?" ಎಂದ. ನನ್ನ ಬೆನ್ನು ಕುರ್ಚಿಯಿಂದ ಮುಂದೆ ಬಂತು.

ಅಷ್ಟರಲ್ಲಿ ಮೇಲಿನ ಸ್ಪೀಕರುಗಳಿಂದ ಆ ಮೊಬೈಲಿನ ಮನುಷ್ಯ: "ಅರಸನೇ, ನಿಲ್ಲು!"

ವಿಶಾಲ ಬೆಚ್ಚಿದ. ಮುಂದಿನ ಮಾತನ್ನು ಅವನೂ ಕೂಗಿದ.

"ಹಾಂ, ಹಂಗ ಏರಸಲೇ!" ಫಕೀರಪ್ಪ ಕೆಳಗಿನಿಂದ ಕುಣಿದ. "ಏಕನಾಥನ ಮುಂದ ಇಲಿ ಆಗಾಕತ್ತಿದ್ದಿ. ಇನ್ನಷ್ಟು ಏರಸು!"

ಮತ್ತೆ ಮಾಡಿಸಿದ. ಮತ್ತೆ. ಮೂರನೆಯ ಸಲಕ್ಕೆ ವಿಶಾಲ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನಂತೆ ತಮ್ಮನನ್ನು ಕರೆಯುತ್ತಿದ್ದ. ಮೊದಲ ಸಲ ಅವನ ಬಾಯಿಂದ ಬಂದದ್ದು ಸತ್ತೇಹೋಯಿತು.

ನನ್ನ ಕಿವಿ ಬಿಸಿಯಾಯಿತು. ಕೈ ಪಾಟಿ ಹುಡುಕಿತು. ಪಾಟಿ ಮನೆಯಲ್ಲಿ. ರಜನಿಯ ಕಡೆ ನೋಡಿದೆ. ಅವಳು ಆಗಲೇ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಗೆ ಚುಚ್ಚಿದ್ದಳು. ಫಕೀರಪ್ಪ ನಮ್ಮ ಮುಂದಿನ ಕುರ್ಚಿಯ ಹತ್ತಿರವೇ ನಿಂತಿದ್ದ.

"ಬಂದ್ ಮಾಡ ಅದನ್ನ" ಎಂದೆ.

ಫಕೀರಪ್ಪ ತನ್ನ ಮೊಬೈಲು ನೋಡಿದ. ಸ್ಪೀಕರು ನೋಡಿದ. "ಯಾವನಲೇ ಅಂವಾ?"

"ಮುದಿಯಾ. ಹಿಂದ ನೋಡು."

ತಿರುಗಿದ. ನನ್ನ ಬಾಯಲ್ಲಿ ಗೌಂಡಿಯ ಪೈಪು, ರಜನಿಯ ಬೆರಳು ನಾಬಿನ ಮೇಲೆ. ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತ.

"ಏಕನಾಥಾ... ನೀ ಮಾತಾಡಿದಿ?"

"ಅವಾಗಿಂದ ಬೈಲಿಕ್ಕತ್ತೇನಿ. ಹತ್ರ ಬಾ. ಆ ಮೊಬೈಲಿನಂವಗ ಕಿವಿ ಇಲ್ಲ. ಇವನು ಮೆಲ್ಲಕ ಕೇಳ್ಯಾನ, ಅದು ಒದರ್ತದ. ಒಂಬತ್ತು ವರ್ಷದ ಹಿಂದ ಅರಸ ಒದರ್ತಿದ್ದ, ನಾನೂ ಒದರಿದೆ. ಈ ಅರಸ ಬ್ಯಾರೆ. ಛಲೋ ಮಾಡ್ಲಿಕ್ಕತ್ತಾನ. ಕೆಡಸಬ್ಯಾಡ."

'ಕೆಡಸಬ್ಯಾಡ'ದಲ್ಲಿ ರಜನಿ ನಡುವೆ ಏರಿಸಿ ಕೊನೆಗೆ ಬೀಳಿಸಿದಳು. ಸರಿಯಾಗಿ ಬಿತ್ತು. ಸ ಮಾತ್ರ ತ ಆಗಿತ್ತು, ಇಲ್ಲಿ ತಿದ್ದಿ ಬರೆದಿದ್ದೇನೆ.

ವಿಶಾಲ ರಂಗದಿಂದ ಇಳಿದು ಬಂದು ಪೆಟ್ಟಿಗೆಯ ಪಕ್ಕದಲ್ಲಿ ನೆಲಕ್ಕೆ ಕೂತ. "ಕಾಕಾ, ಆ ನಾಲ್ಕು ಮಾತು ನೀವಾ ಅನ್ರಿ. ನಾ ಹಂಗಾ ಮೆಲ್ಲಕ ಮಾಡ್ತೇನಿ."

ಫಕೀರಪ್ಪ ಕಣ್ಣೊರೆಸಿಕೊಂಡ, ಆಮೇಲೆ ವ್ಯಾಪಾರಿಯಾದ. "ಅದೆಲ್ಲಾ ಖರೇ. ಒಂದ ಮಾರಿಗೆ ನಿಲ್ಲೂ ದನಿ ಹಿಂದಿನ ಸಾಲಿಗೆ ಹೆಂಗ ಮುಟ್ಟತೈತಿ?"

ಮೈಕು ಕೇಳಿದೆ. ಕೊಟ್ಟರು. ತುಟಿಯ ಹತ್ತಿರ ಹಿಡಿದರು.

ಡಿಸೆಂಬರ್ 9, ಸೋಮವಾರ

ಪ್ರತಿದಿನ ತಾಲೀಮು. ಸ ಬರುತ್ತಿದೆ, ಅರ್ಧ. 'ಅರಸನೇ' ಇನ್ನೂ 'ಅರತನೇ'. ರಜನಿ ಶ್ರುತಿಯನ್ನು ಮನೆಯ ದನಿಗಿಂತ ಪೇಟಿಯ ಎರಡು ಮನೆ ಮೇಲೆ ಹಿಡಿಯುತ್ತಾಳೆ. ರಂಗದ ದನಿಗಿಂತ ಬಹಳ ಕೆಳಗೆ. ಇದು ಯಾರ ದನಿ ಎಂದು ಕೇಳಿದೆ. "ನಂಗೇನ ಗೊತ್ತು, ಆಕಾಶದ್ದು" ಎಂದಳು.

ಫಕೀರಪ್ಪನಿಗೆ ನಂಬಿಕೆ ಸಾಲದು. ಆ ದಿನ ಮೊಬೈಲು ಕೈಯಲ್ಲೇ ಇರುತ್ತದಂತೆ. "ನಿನ್ನ ಪೆಟಗಿ ಕೈಕೊಟ್ರ ಒತ್ತಿಬಿಡ್ತೇನಿ. ಸಿಟ್ಟಿಗೇಳಬ್ಯಾಡ." ಎದ್ದೆ. ಅರ್ಧ ಗಂಟೆ ಬೈದೆ. ಮೊಬೈಲು ಮಾತ್ರ ಬಿಡಲಿಲ್ಲ.

ಡಿಸೆಂಬರ್ 15, ಭಾನುವಾರ

ಮನೆಗೆ ಬಂದು ಈಗಷ್ಟೇ ಕೈಕಾಲು ತೊಳೆದೆ. ಬರೆದುಬಿಡುತ್ತೇನೆ.

ಪಕ್ಕದ ಪರದೆಯ ಹಿಂದೆ ಪೆಟ್ಟಿಗೆ, ಮೈಕು, ನಾನು, ರಜನಿ. ನಮ್ಮ ಎದುರಿಗೆ ಮೊಬೈಲು ಹಿಡಿದ ಫಕೀರಪ್ಪ. ದೀಪಗಳ ಕಾವಿಗೆ ಐಸಿ ಬಿಸಿಯಾಗಿ ಶ್ರುತಿ ಜಾರುತ್ತಿತ್ತು. ರಜನಿ ಕಣ್ಣು ಮುಚ್ಚಿಕೊಂಡು ತಂತಿಯ ಮೇಲೆ ನಡೆಯುವವಳಂತೆ ಅದನ್ನು ಹಿಡಿದಿದ್ದಳು.

ವಿಶಾಲ ಬಾವಿಗೆ ಬಗ್ಗಿದ. "ತಮ್ಮಾ... ಒಳಗಿದ್ದೀಯಾ?"

ತಾಲೀಮಿನಲ್ಲಿ ಇಲ್ಲಿ ನಾಲ್ಕು ಎಣಿಸಿದ ಮೇಲೆ ನನ್ನ ಮಾತು. ಇವತ್ತು ಅವನು ಬಗ್ಗಿದವನು ಏಳಲಿಲ್ಲ. ಆರು. ಎಂಟು. ಬೆನ್ನು ಅಲುಗುತ್ತಿತ್ತು, ನಿಜವಾಗಿ ಅಳುತ್ತಿದ್ದನೋ ಏನೋ. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಫಕೀರಪ್ಪನ ಹೆಬ್ಬೆರಳು ಮೊಬೈಲಿನ ಮೇಲೆ ಇಳಿಯಿತು. ನಾನು ತಲೆ ಅಲ್ಲಾಡಿಸಿದೆ. ಬೇಡ. ಇರು. ಅವನು ಇನ್ನೂ ಕೇಳುತ್ತಿದ್ದಾನೆ, ಉತ್ತರ ಕೊಡುವ ಹೊತ್ತಲ್ಲ.

ಆಗ ಹೆದರಿಕೆಯಾಯಿತು. ಹೊಟ್ಟೆಯಲ್ಲಿ, ಎಂಟು ವರ್ಷದ ಹುಡುಗ ಮೊದಲ ಸಲ ಪರದೆಯ ಹಿಂದೆ ನಿಂತಾಗ ಆದಂಥದು. ಜೂನಿನಿಂದ ಈ ಹೊಟ್ಟೆಯಲ್ಲಿ ಅನ್ನ ಬಿಟ್ಟು ಬೇರೇನೂ ಇರಲಿಲ್ಲ.

ವಿಶಾಲನ ಕೈ ಬಾವಿಯ ಅಂಚನ್ನು ಹಿಡಿದುಕೊಂಡಿತು. ಹಾರುವವನ ಹಿಡಿತ. ರಜನಿ ಕಣ್ಣು ತೆರೆದಳು.

"ಅರತನೇ, ನಿಲ್ಲು" ಎಂದೆ.

ಮೂರನೆಯ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. "ನೀನು ಹುಡುಕುವವನು ಈ ಬಾವಿಯಲ್ಲಿಲ್ಲ." ನಗು ನಿಂತಿತು. "ಹಿಂದೆ ತಿರುಗಿ ನೋಡು." ವಿಶಾಲ ತಿರುಗಬೇಕಾದದ್ದು ಎಡಕ್ಕೆ, ತಮ್ಮನ ಪಾತ್ರದವನು ಅಲ್ಲಿಂದ ಬರುತ್ತಾನೆ. ಅವನು ಮೊದಲು ನಮ್ಮ ಕಡೆ, ಪರದೆಯ ಕಡೆ ನೋಡಿದ. ಆಮೇಲೆ ಎಡಕ್ಕೆ. "ಅವನು ನಿನ್ನ ಹಿಂದೆಯೇ ಬಂದಿದ್ದಾನೆ."

ಚಪ್ಪಾಳೆ ಬೀಳಲಿಲ್ಲ. ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ಬಹಳ ಹೊತ್ತು ಯಾರೂ ಕೆಮ್ಮಲೂ ಇಲ್ಲ.

ಫಕೀರಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಮೂಗು ಸೀನುವ ಸಪ್ಪಳ ಹಿಂದಿನ ಸಾಲಿಗೂ ಕೇಳಿರಬೇಕು.

ಆಟೋದಲ್ಲಿ ರಜನಿ ತನ್ನ ಬೆರಳು ತಿಕ್ಕಿಕೊಳ್ಳುತ್ತಿದ್ದಳು. ಸ ಇನ್ನೂ ತಪ್ಪುತ್ತದೆ, ನಾಳೆಯಿಂದ ಮಾತಿನ ಡಾಕ್ಟರ ಹತ್ತಿರ ಹೋಗಬೇಕು ಎಂದಳು. ಹೂಂ ಎಂದು ತಲೆಯಾಡಿಸಿದೆ.

ಡಿಸೆಂಬರ್ 16, ಸೋಮವಾರ

ಬೆಳಗಿನ ಏಳೂವರೆ. ತೋಳಿನ ಸುಟ್ಟ ಕಲೆ ಕೆರೆಯುತ್ತಿದೆ. ಪೇಪರಿನವನು ಇನ್ನೂ ಬಂದಿಲ್ಲ. ನಿನ್ನೆಯ ನಾಟಕದ ಬಗ್ಗೆ ಇನ್ನೂ ಒಂದಿಷ್ಟು ಬರೆಯಬೇಕೆಂದು ಕೂತೆ. ಬೆಳಕಿನ ವ್ಯವಸ್ಥೆ ಸುಮಾರಾಗಿತ್ತು, ಎರಡನೆಯ ಅಂಕ ಉದ್ದವಾಯಿತು,

ರಜನಿ ಅಡುಗೆಮನೆಯಿಂದ ಕೂಗಿದಳು: "ಚಹಾಕ್ಕ ಶುಂಠಿ ಹಾಕ್ಲೇನ್ರಿ?"

ಇಲ್ಲಿಂದಲೇ ಪೈಪು ಬಾಯಿಗಿಟ್ಟು ಬೇಡ ಎಂದೆ. ಕೇಳಲಿಲ್ಲ. ಮತ್ತೆ ಕೂಗಿದಳು. ಕುಟ್ಟಾಣಿ ತೆಗೆದ ಸಪ್ಪಳ ಬಂತು. ಮೂವತ್ತೊಂದು ವರ್ಷದಿಂದ ನನಗೆ ಶುಂಠಿ ಸೇರುವುದಿಲ್ಲ, ಮೂವತ್ತೊಂದು ವರ್ಷದಿಂದ ಇವಳು ಕೇಳುತ್ತಾಳೆ, ಆಮೇಲೆ ಹಾಕುತ್ತಾಳೆ. ಇದನ್ನು ಪಾಟಿಯ ಮೇಲೆ ಬರೆದು ಹೇಳಲಾಗುವುದಿಲ್ಲ. ನಡುವೆ ಏರಬೇಕು, ಕೊನೆಗೆ ಬೀಳಬೇಕು. ಅದಕ್ಕೆ ಅವಳೇ ಕುಟ್ಟಾಣಿ ಬಿಟ್ಟು ನಾಬು ಹಿಡಿಯಬೇಕು.

ಪೆಟ್ಟಿಗೆ ಎತ್ತಿಕೊಂಡು ಹೊರಟೆ. ವೈರು ಒಲೆಯವರೆಗೆ ಮುಟ್ಟುತ್ತದೆಯೋ ಇಲ್ಲವೋ.